ಮಾವನ ಬೈರಾಸಿನ ತುದಿ

ಮೇ ೪, ಭಾನುವಾರ, ಬೆಳಿಗ್ಗೆ ೭.೧೦. ಮಾವನ ಬೈರಾಸು: ನಾಲ್ಕು ಬೆರಳು.

ನನ್ನ ಡೈರಿಯಲ್ಲಿ ಈ ಲೆಕ್ಕ ಶುರುವಾದದ್ದು ಹೀಗೆ, ಬರೀ ತಮಾಷೆಗೆ. ಅಮ್ಮನ ತಮ್ಮನಾದ ಮಾವ ಮುಂಬಯಿ ಬಳಿಯ ಡೊಂಬಿವಲಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಾರೆ. ಕಾವಲಿಯ ಮುಂದೆ ನಿಲ್ಲುವ ಮೊದಲು ಸೊಂಟಕ್ಕೆ ಬೈರಾಸು ಬಿಗಿಯುತ್ತಾರೆ. ಆ ತೆಳು ಟವೆಲಿನ ಗಂಟಿನಾಚೆ ಉಳಿದ ತುದಿ ಕೈ ಒರೆಸಲಿಕ್ಕೆ. ಮೊದಲು ಒಂದು ಗೇಣು ಇಳಿಬೀಳುತ್ತಿದ್ದದ್ದು ಆ ದಿನ ನಾಲ್ಕೇ ಬೆರಳು ಉಳಿದಿತ್ತು.

"ಮಾವ, ನಿಮ್ಮ ಹೊಟ್ಟೆ ನೋಡಿ ಗಿರಾಕಿಗಳು ನಿಮ್ಗೇ ಸೇಠ್ ಅಂತಾರೆ."

"ಅನ್ಲಿ ಮಾರಾಯ್ತಿ. ಇಷ್ಟು ವರ್ಷ ಇಲ್ಲಿ ಬೆಂದದ್ದಕ್ಕೆ ಅಷ್ಟಾದ್ರೂ ಬೇಡ್ವಾ?"

ನಮ್ಮ ಹೋಟೆಲಿನವರಲ್ಲಿ ಹೊಟ್ಟೆ ಬಂದರೆ ಯಾರೂ ಡಾಕ್ಟರನ್ನು ನೆನೆಯುವುದಿಲ್ಲ. ಒಳ್ಳೆಯ ಕಾಲ ಬಂತು ಎನ್ನುತ್ತಾರೆ. ನಾನೂ ಪ್ರತಿ ಭಾನುವಾರ ಅಳೆದು ಬರೆದೆ: ಮೂರೂವರೆ, ಮೂರು, ಎರಡು. ಪಕ್ಕದಲ್ಲಿ ಒಂದೊಂದು ನಗುಮುಖ. ಎಂಟನೆಯ ಭಾನುವಾರ, ಕಾವಲಿಯ ಹಬೆಯೊಳಗಿಂದ ಮಾವ ಕೈ ಎತ್ತಿದಾಗ ಗಡಿಯಾರ ಮೊಣಕೈವರೆಗೆ ಜಾರಿತು. ಹೊಟ್ಟೆ ದಪ್ಪ, ಕೈ ಕಡ್ಡಿ. ಅಂದು ನಗುಮುಖ ಬಿಡಿಸಲಿಲ್ಲ.

ಪಕ್ಕದ ಕಲ್ಯಾಣದಲ್ಲಿ ಸ್ಕ್ಯಾನ್ ಆಯಿತು. ಪರದೆಯ ಮೇಲೆ ಒಂದು ಕಪ್ಪುಬೂದು ಮೋಡ ಮಾವನ ಕರುಳನ್ನೆಲ್ಲ ಮೆಲ್ಲಗೆ ಬದಿಗೆ ಸರಿಸಿ ಮಲಗಿತ್ತು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕೊಬ್ಬಿನ ಕೋಶಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಗಡ್ಡೆ, ಹೆಸರು ಲೈಪೊಸಾರ್ಕೋಮಾ. ಎಂದಿನಿಂದ ಬೆಳೆಯುತ್ತಿದೆ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದಾಗ ಡೈರಿ ತೆರೆದಿಟ್ಟೆ. ಅಂಕಿಗಳನ್ನು ಬರೆದುಕೊಂಡರು. ನಗುಮುಖಗಳ ಬಗ್ಗೆ ಏನೂ ಕೇಳಲಿಲ್ಲ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ರೈಲಿನ ಕಿಟಕಿಯಾಚೆ ಘಣಸೋಲಿಯ ಗುಡ್ಡ ಮೋಡದಲ್ಲಿ ಅರ್ಧ ಕರಗಿತ್ತು. ಉಳಿದರ್ಧವನ್ನೇ ನೋಡುತ್ತ ಕುಳಿತೆ. ಗಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯಬೇಕಾದ್ದರಿಂದ ಅದಕ್ಕೆ ಅಂಟಿಕೊಂಡಿದ್ದ ಎಡ ಮೂತ್ರಪಿಂಡವೂ ಹೋಯಿತು.

ಮಾವ ಈಗ ಮತ್ತೆ ಕಾವಲಿಯ ಮುಂದೆ. ಬೈರಾಸಿನ ತುದಿ ಗೇಣಿಗಿಂತ ಉದ್ದ ಇಳಿಬಿದ್ದು ಗಾಳಿಗೆ ತೂಗುತ್ತದೆ. ಗಡ್ಡೆ ಮರಳಬಹುದು, ಆಗಾಗ ಸ್ಕ್ಯಾನ್ ಮಾಡಿಸುತ್ತಿರಿ ಎಂದಿದ್ದಾರೆ ಡಾಕ್ಟರಮ್ಮ. ಕಳೆದ ಭಾನುವಾರ ತುದಿ ಒಂದು ಬೆರಳು ಕಡಿಮೆಯಾಗಿತ್ತು.

"ಊಟ ಸೇರ್ತಾ ಉಂಟು, ಅಷ್ಟೇ. ಎಂತ ನೋಡ್ತಿ? ಬರಿ, ನಗುಮುಖ ಹಾಕು," ಎಂದರು ಮಾವ.

ಆ ಜಾಗ ಖಾಲಿ ಬಿಟ್ಟಿದ್ದೇನೆ. ಸ್ಕ್ಯಾನಿಗೆ ಇನ್ನೂ ಹನ್ನೊಂದು ದಿನ. ಇಂಥ ಗಡ್ಡೆ ತೆಗೆಸಿಕೊಂಡವರು ಅಥವಾ ಅವರ ಮನೆಯವರು ಇದನ್ನು ಓದುತ್ತಿದ್ದರೆ, ಊಟದಿಂದ ಬಂದ ಒಂದು ಬೆರಳನ್ನೂ ಗಡ್ಡೆಯಿಂದ ಬಂದದ್ದನ್ನೂ ಬೇರೆ ಮಾಡಿ ಗುರುತಿಸುವ ಬಗೆ ನಿಮಗೆ ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ.