ಅಕ್ಕನ ಬಾಗಿಲಿನ ಆರನೆಯ ಕೀ

ಭಾವ ತೀರಿಕೊಂಡ ವರ್ಷ ನನಗೆ ನಲವತ್ತಾರು. ಜರಗನಹಳ್ಳಿಯ ಒಳರಸ್ತೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಓದಿದ್ದು ಆರನೇ ಕ್ಲಾಸು. ಆದರೂ ಜೆ.ಪಿ. ನಗರದ ಮನೆಗಳವರು ನನ್ನನ್ನು ಒಳಕ್ಕೆ ಬಿಟ್ಟು ತಮ್ಮ ಪಾಡಿಗೆ ಅಡುಗೆ ಮುಂದುವರಿಸುತ್ತಿದ್ದರು. ಈ ಕೆಲಸದಲ್ಲಿ ಆ ನಂಬಿಕೆಯೇ ಬಂಡವಾಳ. ಅದನ್ನು ನಾನು ಕಳೆದುಕೊಂಡದ್ದು ಸ್ವಂತ ಅಕ್ಕನ ಮನೆಯಲ್ಲಿ.

ನನ್ನ ಅಂಗಡಿ ಇದ್ದದ್ದು ಸರೋಜಕ್ಕನ ಗಂಡನ ಮನೆಯವರ ಕಟ್ಟಡದಲ್ಲಿ. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ಮೂರಂತಸ್ತು ಅದು. ಕೆಳಗೆ ಅಂಗಡಿಗಳು, ನಡುವೆ ಅಕ್ಕನ ಮೈದುನ ಕೃಷ್ಣಪ್ಪನ ಸಂಸಾರ, ಮೇಲೆ ಅಕ್ಕ. ಅವಳಿಗೆ ಮಕ್ಕಳಿಲ್ಲ. ಮೇಲಿನ ಮನೆ ದೊಡ್ಡ ಮಗನಿಗೆ, ಅಂದರೆ ಭಾವನಿಗೆ, ಎಂದು ಅಕ್ಕನ ಮಾವ ಬರೆಸಿದ್ದ ಪಾಲುಪಟ್ಟಿ ರಿಜಿಸ್ಟರ್ ಆಗಿರಲಿಲ್ಲ. ಇದ್ದದ್ದು ಒಂದೇ ಪ್ರತಿ, ಅಕ್ಕನ ಬೀರುವಿನಲ್ಲಿ. ಸಾಕ್ಷಿ ಹಾಕಿದ್ದ ಇಬ್ಬರೂ ತೀರಿಹೋಗಿದ್ದರು. ಆ ಕಾಗದ ಬಿಟ್ಟರೆ ಮನೆ ತನ್ನದೆನ್ನಲು ಅವಳ ಬಳಿ ಬೇರೇನೂ ಇರಲಿಲ್ಲ.

ತಿಥಿ ಮುಗಿದ ವಾರ ನಾನೇ ಅವಳ ಬಾಗಿಲಿಗೆ ಹೊಸ ಬೀಗ ಕೂರಿಸಿದೆ. ನಾವು ಕಂಪ್ಯೂಟರ್ ಕೀ ಎನ್ನುವಂಥದ್ದು. ಹಲ್ಲಿನ ಬದಲು ಮೈಮೇಲೆ ಸಣ್ಣ ಗುಳಿಗಳಿರುತ್ತವೆ. ಸೀಲ್ ಮಾಡಿದ ಕವರ್‌ನಲ್ಲಿ ಐದು ಕೀ ಬರುತ್ತವೆ. ಅಕ್ಕ ಕವರ್ ಹರಿದು ಒಂದನ್ನು ನನ್ನ ಕೈಗಿಟ್ಟಳು.

"ಒಂದ್ ನಿನ್ ಹತ್ರ ಇರ್ಲಿ ಮಂಜ. ಬೇರೆ ಯಾರ್ಗೂ ಬೇಡ."

ಎರಡು ತಿಂಗಳ ಮೇಲೆ ಕೃಷ್ಣಪ್ಪ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತ. ಇಬ್ಬರಿಗೂ ಟೀ ತರಿಸಿದ.

"ಅತ್ಗೆ ಒಬ್ರೇ ಇರ್ತಾರೆ. ಬಾತ್‌ರೂಮಲ್ಲಿ ಜಾರಿ ಬಿದ್ರೆ ಬಾಗ್ಲು ಒಡೀಬೇಕಾ? ನನ್ಗೂ ಒಂದ್ ಕೀ ಹೊಡ್ಕೊಡು. ಅವ್ರಿಗೆ ಹೇಳ್ಬೇಡ, ಸುಮ್ನೆ ಬೇಜಾರ್ ಮಾಡ್ಕೋತಾರೆ."

ನಮ್ಮ ಕಡೆಯ ಬಾಡಿಗೆ ಕಟ್ಟಡಗಳಲ್ಲಿ ಪ್ರತಿ ಮನೆಯ ಒಂದು ಕೀ ಓನರ್ ಹತ್ತಿರ ಇರುವುದು ರೂಢಿ. ಆ ರೂಢಿಯನ್ನೇ ನೆಪ ಮಾಡಿಕೊಂಡೆ. ಅಕ್ಕ ಅಲ್ಲಿ ಬಾಡಿಗೆಗೆ ಇರಲಿಲ್ಲ. ಒಳಗಿರುವವರನ್ನು ಕೇಳದೆ ಕೀ ಹೊಡೆಯಬಾರದು ಎಂಬುದೂ ನನಗೆ ಗೊತ್ತಿತ್ತು. ಆದರೆ ಕೃಷ್ಣಪ್ಪ ನನ್ನ ಅಂಗಡಿಯ ಓನರ್. ಬೇಡವೆಂದರೆ ಖಾಲಿ ಮಾಡು ಅಂದಾನು ಎಂಬ ಭಯ. ನನ್ನಲ್ಲಿದ್ದ ಕೀಯನ್ನು ಮಷೀನಿಗೆ ಸಿಕ್ಕಿಸಿ ಇನ್ನೊಂದು ತೆಗೆದುಕೊಟ್ಟೆ. ಹತ್ತು ನಿಮಿಷದ ಕೆಲಸ.

ಆಷಾಢದಲ್ಲಿ ಅಕ್ಕ ಕರೆದಳು. ಶುಕ್ರವಾರ ಬನಶಂಕರಿ ದೇವಸ್ಥಾನಕ್ಕೆ ಹೋಗಿ ಬಂದಾಗಲೆಲ್ಲ ಬೀರುವಿನ ಸೀರೆಗಳ ಮಡಿಕೆ ಬದಲಾಗಿರುತ್ತದಂತೆ. ಬೀರುವಿನ ಕೀಯನ್ನು ಅವಳು ದೇವರ ಗೂಡಿನಲ್ಲೇ ಬಿಟ್ಟು ಹೋಗುತ್ತಿದ್ದಳು. ನಾನು ಬಾಗಿಲು ಕಿಟಕಿ ಪೂರ್ತಿ ಚೆಕ್ ಮಾಡಿದೆ. ಕೀ ತೂತಿನ ಸುತ್ತ ಗೀರಿರಲಿಲ್ಲ. ಬೀಗದ ನಾಲಿಗೆ ಚೌಕಟ್ಟಿನೊಳಗೆ ಪೂರ್ತಿ ಹೋಗುತ್ತಿತ್ತು. ಚೌಕಟ್ಟಿನ ಪಟ್ಟಿಗೆ ಗಿಡ್ಡ ಸ್ಕ್ರೂ ಬದಲು ಮರದೊಳಕ್ಕೆ ಇಳಿಯುವ ಉದ್ದನೆಯವನ್ನು ಹಾಕಿದೆ. ಅಕ್ಕ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಎಣ್ಣೆಗೆ ಧೂಳು ಅಂಟಿ ಒಳಗಿನ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ತೊಳೆದು ಗ್ರಾಫೈಟ್ ಪುಡಿ ಊದಿದೆ. ಕಿಟಕಿಗಳ ಚಿಲಕ ಒಂದೊಂದನ್ನೂ ಎಳೆದು ನೋಡಿದೆ. ಎಲ್ಲ ಸರಿಯಿತ್ತು. ಯಾರೋ ಕೀ ಹಾಕಿಯೇ ಬಂದಿದ್ದರು. ಅದು ಮೊದಲ ಐದು ನಿಮಿಷದಲ್ಲೇ ತಿಳಿದಿತ್ತು. ಆಮೇಲಿನ ಒಂದು ಗಂಟೆ ಕಿಟಕಿ ನೋಡಿದ್ದು ಅಕ್ಕನ ಮುಖ ನೋಡಲಾಗದೆ.

"ಇದರ ಕೀ ಬೇರೆ ಯಾರ್ ಹತ್ರನಾದ್ರೂ ಇದ್ಯೇನೋ?"

"ಇಲ್ಲಕ್ಕ. ನಿನ್ ಹತ್ರ ನಾಕು, ನನ್ ಹತ್ರ ಒಂದು."

ಭಾವ ಹೋದ ದುಃಖದಲ್ಲಿ ಹೀಗೆಲ್ಲ ಅನ್ನಿಸುತ್ತದೆ ಎಂದೂ ಸೇರಿಸಿದೆ. ಅವಳು ನಂಬಿದಳು. ನೀನು ಹೇಳಿದ ಮೇಲೆ ಮುಗಿಯಿತು ಎಂದು ಕಾಫಿ ಕೊಟ್ಟಳು. ಕುಡಿದೆ.

ಕೆಳಗಿಳಿದು ಕೃಷ್ಣಪ್ಪನಲ್ಲಿ ಕೀ ವಾಪಸ್ ಕೇಳಿದೆ. ನಾಳೆ ಕೊಡ್ತೀನಿ ಅಂದ. ಅವತ್ತೇ ಬೀಗದಲ್ಲಿ ಕೀ ಕೂರುವ ಸಿಲಿಂಡರ್ ಬದಲಿಸಿದ್ದರೆ ಅವನ ಕೈಯಲ್ಲಿದ್ದದ್ದು ಬರೀ ಕಬ್ಬಿಣದ ತುಂಡಾಗುತ್ತಿತ್ತು. ಬದಲಿಸಿದರೆ ಯಾಕೆಂದು ಅಕ್ಕ ಕೇಳುತ್ತಿದ್ದಳು. ಬದಲಿಸಲಿಲ್ಲ.

ಅಲ್ಲಿಂದ ಒಂಬತ್ತನೇ ದಿನ ಬೀರುವಿನಿಂದ ಪಾಲುಪಟ್ಟಿ ಹೋಗಿತ್ತು. ಪಕ್ಕದಲ್ಲಿದ್ದ ಒಡವೆಯನ್ನು ಯಾರೂ ಮುಟ್ಟಿರಲಿಲ್ಲ.

ಆ ಭಾನುವಾರ ಮನೆತನದ ಹಿರಿಯರು ಸೇರಿದರು. ಕೃಷ್ಣಪ್ಪನಿಗೆ ಕೀ ಹೊಡೆದುಕೊಟ್ಟವನು ನಾನೇ ಎಂದು ಅಲ್ಲಿ ಬಾಯಿಬಿಟ್ಟೆ. ಅದಕ್ಕೆ ಮುಂಚೆ ಅಕ್ಕನಿಗೆ ಒಬ್ಬಳಿಗೇ ಹೇಳುವ ಧೈರ್ಯ ಬಂದಿರಲಿಲ್ಲ. ಅವಳು ಅದನ್ನು ಹದಿನೈದು ಜನರ ನಡುವೆ ಕೇಳಿಸಿಕೊಂಡಳು. ಕೃಷ್ಣಪ್ಪ ದನಿ ಏರಿಸಲೂ ಇಲ್ಲ.

"ನನ್ಗ್ಯಾವ್ ಕೀನೂ ಕೊಟ್ಟಿಲ್ಲ. ಇವನ್ ಹತ್ರ ಒಂದ್ ಇದ್ದಿದ್ದು ಅತ್ಗೇಗೇ ಗೊತ್ತು. ಬೀಗದೋನಿಗೆ ಬೀರು ತೆಗ್ಯೋದೇನ್ ಕಷ್ಟ?"

ನನ್ನ ಅಂಗಡಿಯಲ್ಲಿ ಕೂತು ನನಗೆ ಟೀ ಕುಡಿಸಿದ ಮನುಷ್ಯ ಆಡಿದ ಮಾತು ಇದು. ನಾನು ಅಕ್ಕನ ಕಡೆ ನೋಡಿದೆ. ನನ್ನ ತಮ್ಮ ಕಳ್ಳನಲ್ಲ ಎಂದು ಅವಳು ಹೇಳಿದ್ದರೆ ಸಾಕಿತ್ತು. ಅಷ್ಟರಲ್ಲಿ ಹಿರಿಯರೊಬ್ಬರು ಅವಳನ್ನು ಕೇಳಿದರು: ಕೀ ಯಾರಿಗೂ ಕೊಟ್ಟಿಲ್ಲ ಅಂತ ಇವನು ನಿನಗೆ ಹೇಳಿದ್ದನಾ? ಅಕ್ಕ ಹೌದು ಅಂದಳು. ಇದ್ದದ್ದನ್ನೇ ಹೇಳಿದಳು.

ಪೊಲೀಸ್ ದೂರು, ವಕೀಲರು ಎಲ್ಲ ಇನ್ನೂ ನಡೆದಿದೆ. ನನ್ನ ಅಂಗಡಿ ಹೋಯಿತು. ಈಗ ಸ್ಕೂಟರಿನಲ್ಲಿ ಚೀಲ ಇಟ್ಟುಕೊಂಡು ಮನೆಮನೆ ಸುತ್ತುತ್ತೇನೆ. ಅಕ್ಕ ಮೇಲಿನ ಮನೆಯಲ್ಲೇ ಇದ್ದಾಳೆ, ಖಾಲಿ ಮಾಡಬೇಕೆಂದು ಕೃಷ್ಣಪ್ಪನ ಕಡೆಯಿಂದ ನೋಟಿಸ್ ಬಂದಿದೆ. ಕಳೆದ ತಿಂಗಳು ಹೋಗಿದ್ದೆ. ಬಿಟಿಎಂ ಲೇಔಟ್ ಕಡೆಯ ಯಾರನ್ನೋ ಕರೆಸಿ ಬೇರೆ ಬೀಗ ಹಾಕಿಸಿದ್ದಳು. ಒಂದು ಸ್ಕ್ರೂ ಸೊಟ್ಟಗೆ ಕೂತಿತ್ತು. ಸರಿ ಮಾಡಿಕೊಡಲಾ ಎಂದು ಕೇಳಿದೆ. ಅವಳು ಅರ್ಧ ತೆರೆದ ಬಾಗಿಲಲ್ಲೇ ನಿಂತಿದ್ದಳು.

"ಬೇಡ ಮಂಜ. ಕೃಷ್ಣಪ್ಪ ಎಂಥೋನು ಅಂತ ಗೊತ್ತಿತ್ತು, ಅದಕ್ಕೇ ಬೀಗ ಹಾಕ್ಸಿದ್ದು. ನಿನ್ಗೆ ಏನ್ ಹಾಕ್ಸ್ಲಿ ಹೇಳು?"

ಈಗ ಯಾರ ಮನೆಗೆ ಹೋದರೂ ಬೀಗ ಮುಟ್ಟುವ ಮೊದಲು ಅದರ ಕೀ ಎಷ್ಟಿವೆ, ಯಾರ ಯಾರ ಹತ್ತಿರ ಇವೆ ಎಂದು ಕೇಳುತ್ತೇನೆ. ಸರಿಯಾಗಿ ಹೇಳಲಾಗದಿದ್ದರೆ ಎಣ್ಣೆ, ಸ್ಕ್ರೂ ಆಮೇಲಿರಲಿ, ಮೊದಲು ಸಿಲಿಂಡರ್ ಬದಲಿಸಿ ಎನ್ನುತ್ತೇನೆ. ಕೆಲವರು ಒಂದು ಕೀ ನಿಮ್ಮ ಹತ್ತಿರ ಇರಲಿ, ನಿಮ್ಮ ಮೇಲೆ ನಂಬಿಕೆ ಇದೆ ಎನ್ನುತ್ತಾರೆ. ಐದೂ ಕೀಗಳನ್ನು ಅವರ ಕೈಯಲ್ಲೇ ಎಣಿಸಿ ಇಟ್ಟು ಮೆಟ್ಟಿಲಿಳಿಯುತ್ತೇನೆ.