ಭಾನುವಾರದ ಶರಬತ್ತು

ನನ್ನ ಗಂಡ ತಮ್ಮ ಅಣ್ಣನಿಗೆ ಜಿನ್ ಹಾಕದ ಲೋಟ ಕೊಟ್ಟ ಆ ಭಾನುವಾರದ ನಂತರ ನಮ್ಮ ಮನೆಯಲ್ಲಿ ಅಂಥ ಭಾನುವಾರ ಬರಲಿಲ್ಲ.

ನಮ್ಮ ಮನೆಯವರಿಗೆ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಕೆಲಸ. ರಜೆಯ ದಿನ ಮಧ್ಯಾಹ್ನ ಒಂದು ಲೋಟ ಜಿನ್, ಅಷ್ಟೇ. ಕೊರಳಲ್ಲಿ ಲಿಂಗ ಇರುವ ಮನೆತನ ನಮ್ಮದು. ಮದ್ಯ ಹೊಸ್ತಿಲು ದಾಟಬಾರದು. ಬ್ರಾಂದಿಗೆ ಬಣ್ಣ ಇದೆ, ಹಾಗಾಗಿ ಅದು ಮದ್ಯ. ಜಿನ್ ನೀರಿನ ಹಾಗಿದೆ, ಹಾಗಾಗಿ ಅಲ್ಲ ಎಂದು ಅವರು ತೀರ್ಮಾನಿಸಿದ್ದರು. ಆದರೂ ಬಾಟಲಿಯನ್ನು ಅಡುಗೆಮನೆಗೆ ತರದೆ ಹಿತ್ತಲಲ್ಲೇ ಇಡುತ್ತಿದ್ದರು.

ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ. ಸ್ಟೀಲ್ ಲೋಟಕ್ಕೆ ನಾಲ್ಕು ಮುಚ್ಚಳ ಜಿನ್, ಎರಡು ಮುಚ್ಚಳ ನನ್ನಾರಿ ಬೇರಿನ ಪಾಕ, ಅರ್ಧ ನಿಂಬೆಹಣ್ಣು, ಮೇಲೆ ಗೋಲಿ ಸೋಡಾ. ನನ್ನ ಲೋಟಕ್ಕೆ ಜಿನ್ ಬಿಟ್ಟು ಉಳಿದದ್ದೆಲ್ಲ. ಕೊನೆಗೆ ಉಪ್ಪು. ಅದಕ್ಕೆ ಮಾತ್ರ ಅಳತೆ ಇರಲಿಲ್ಲ. ಮೊದಲು ನನ್ನ ಲೋಟಕ್ಕೆ ಹಾಕಿ, “ನೋಡು, ಉಪ್ಪು ಸಾಕೇನು?” ಎಂದು ಕೇಳುವರು. ನಾನು ಸಾಕು ಎಂದರೆ ಅಷ್ಟೇ ಉಪ್ಪು ಉಳಿದೆರಡು ಲೋಟಗಳಿಗೂ.

ಒಂದು ಅವರದು, ಇನ್ನೊಂದು ಅವರ ಅಣ್ಣ, ನಮ್ಮ ಭಾವನವರದು. ಭಾವನವರು ಓಣಿಯಲ್ಲೆಲ್ಲ ಕುಡಿತದ ವಿರುದ್ಧ ಮಾತನಾಡುವವರು. ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು, “ಏನವ್ವ, ಬಿಸಿಲು ಭಾಳ ಐತಿ, ಒಂದೀಟು ಶರಬತ್ತು ಕೊಡು” ಅನ್ನುವರು. ಮಳೆ ಸುರಿಯುವ ದಿನವೂ ಅವರಿಗೆ ಬಿಸಿಲು ಭಾಳ ಇರುತ್ತಿತ್ತು. ಲೋಟದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಆ ಭಾನುವಾರ ಇವರು ಬೇಕೆಂದೇ ಅವರಿಗೆ ಜಿನ್ ಇಲ್ಲದ್ದನ್ನು ಕೊಟ್ಟರು. ಭಾವನವರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಏನಪಾ, ನಿಂಬೆಹಣ್ಣು ಹಳೇವೇನು? ಶರಬತ್ತಿನ್ಯಾಗ ಸತ್ವನ ಇಲ್ಲ.”

“ಹಣ್ಣು ಚಲೋ ಅದಾವಣ್ಣ. ನಿನ್ನ ನಾಲಿಗಿ ಕೆಟ್ಟೈತಿ.”

“ನಾಲಿಗಿ ಕೆಟ್ಟಿಲ್ಲೋ, ನೀ ಕೆಟ್ಟಿ. ಇನ್ನೊಂದು ಮಾಡು.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ.

ಬುಧವಾರ ಇವರು ಮಾರ್ಕೆಟ್ಟಿನಲ್ಲಿ ಹತ್ತಿ ರಾಶಿಯ ಪಕ್ಕ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಹನ್ನೊಂದನೆಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಎಡೆ ಇಟ್ಟೆವು. ಭಾವನವರು ಹೋಳಿಗೆ ನೋಡಿದರು, ಬದನೆಕಾಯಿ ನೋಡಿದರು, ಬಂಧುಗಳೆಲ್ಲರ ಎದುರಿಗೆ ಕೇಳಿದರು: “ಶರಬತ್ತು ಎಲ್ಲೈತವ್ವ? ಅವಗ ಜೀವ ಅದು. ಅವ ಹೆಂಗ ಮಾಡ್ತಿದ್ದ, ಹಂಗ ಮಾಡು.” ‘ಹಂಗ’ ಎಂಬುದನ್ನು ಸ್ವಲ್ಪ ಒತ್ತಿ ಹೇಳಿದರು.

ಹಿತ್ತಲಿಗೆ ಹೋಗಿ ಮೊದಲ ಸಲ ನಾನೇ ಮಾಡಿದೆ. ಮುಚ್ಚಳದ ಲೆಕ್ಕ ತಪ್ಪಲಿಲ್ಲ. ಆದರೆ ಎಡೆಗೆ ಇಡುವುದನ್ನು ಮೊದಲೇ ರುಚಿ ನೋಡಬಾರದು. ಉಪ್ಪು ಕೈಗೆ ಬಂದಷ್ಟು ಹಾಕಿದೆ.

ಮಂಗಳಾರತಿ ಆದಮೇಲೆ ಹೋಳಿಗೆ ಎಲ್ಲರಿಗೂ ಹೋಯಿತು. ಲೋಟ ಭಾವನವರ ಕೈಗೆ ಹೋಯಿತು. “ಪ್ರಸಾದ, ಬ್ಯಾಡ ಅನ್ನಬಾರದು” ಎಂದು ಕಣ್ಣಿಗೊತ್ತಿಕೊಂಡು ಕುಡಿದರು. ಒಂದು ಗುಟುಕಿಗೇ ನಿಲ್ಲಿಸಿದರು.

“ಉಪ್ಪು ಜಾಸ್ತಿ ಆಗೇತವ್ವ. ಇದು ಅವನ ಕೈದಲ್ಲ.”

ಕಣ್ಣು ಒರೆಸಿಕೊಂಡರು. ಲೋಟ ಮಾತ್ರ ಖಾಲಿ ಮಾಡಿಯೇ ಕೆಳಗಿಟ್ಟರು.

ಭಾವನವರು ಈಗಲೂ ಭಾನುವಾರ ಬರುತ್ತಾರೆ, ಬಿಸಿಲು ಈಗಲೂ ಭಾಳ ಇರುತ್ತದೆ. ಎರಡು ಲೋಟ ಮಾಡುತ್ತೇನೆ. ಉಪ್ಪು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆ. ಹಾಕುವವಳೂ ನಾನೇ, ರುಚಿ ನೋಡುವವಳೂ ನಾನೇ. ಉಪ್ಪು ಸಾಕೇನು ಎಂದು ಕೇಳುವವರು ಇಲ್ಲ.