ಚಿತ್ರಕ್ಕೆಂದು ಸುಣ್ಣ ಬಳಿದ ಮನೆ

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದಾಗ ಮೊದಲು ಸುಯ್ ಎಂದು ಸದ್ದು, ಆಮೇಲೆ ಕೊತಕೊತ ಕುದಿತ, ಅದರ ಹಿಂದೆಯೇ ಮೂಗಿಗೆ ಬಡಿಯುವ ಬಿಸಿ ವಾಸನೆ. ಈಗ ಡಬ್ಬದ ಬಣ್ಣ ಬಂದಿರುವುದರಿಂದ ಆ ವಾಸನೆ ಅಪರೂಪ. ಮೊನ್ನೆ ನಮ್ಮ ಬೀದಿಯ ಗುಡಿಯ ಕಾಂಪೌಂಡಿಗೆ ಯಾರೋ ಹಳೆಯ ಪದ್ಧತಿಯಂತೆ ಸುಣ್ಣ ಕಲಸುತ್ತಿದ್ದರು. ಹೂವು ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಸುಣ್ಣದ ಘಾಟಿಗೆ ಎಂದುಕೊಂಡರು ಅವರು.

ದೇವನಹಳ್ಳಿಯಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ತೋಟವಿತ್ತು. ಕಮಾನಿನ ಹೆಬ್ಬಾಗಿಲು, ಮಾವಿನ ತೋಪು, ಮೆಟ್ಟಿಲು ಕುಸಿದ ಕಲ್ಯಾಣಿ, ಸೂರು ಬಿದ್ದ ಒಂದು ಬಂಗಲೆ. ಯಜಮಾನರ ಮನೆಯವರು ಬೆಂಗಳೂರು ಸೇರಿ ಎಷ್ಟೋ ಕಾಲವಾಗಿತ್ತು. ತೋಟ ನೋಡಿಕೊಳ್ಳುತ್ತಿದ್ದವರು ಮೊದಲು ನನ್ನ ತಾತ, ಆಮೇಲೆ ಅಪ್ಪ. ಬಂಗಲೆಯ ಹಿಂದೆ ಹೊಂಗೆ ಮರದ ನೆರಳಲ್ಲಿ ನಮ್ಮ ನಾಡಹೆಂಚಿನ ಮನೆ. ಅಲ್ಲಿಗೆ ಅವ್ವ ಮದುವೆಯಾಗಿ ಬಂದದ್ದು, ಅಲ್ಲೇ ಸರೋಜಕ್ಕನೂ ನಾನೂ ಹುಟ್ಟಿದ್ದು. ಚಳಿ ಕಳೆದು ಹೊಂಗೆ ಎಲೆ ಉದುರಿಸುವ ಕಾಲಕ್ಕೆ, ವರ್ಷಕ್ಕೊಮ್ಮೆ ಒಂದು ಭಾನುವಾರ, ಬೆಂಗಳೂರಿನಿಂದ ಜಲವರ್ಣದ ಚಿತ್ರ ಬರೆಯುವವರ ಗುಂಪೊಂದು ವ್ಯಾನಿನಲ್ಲಿ ಬರುತ್ತಿತ್ತು. ಮರದ ಬುಡದಲ್ಲಿ ಮಡಚುವ ಸ್ಟೂಲು ಹಾಕಿಕೊಂಡು, ನಮ್ಮ ಬಾವಿಯ ನೀರನ್ನು ಡಬ್ಬಗಳಲ್ಲಿ ತುಂಬಿಕೊಂಡು ಕೂರುತ್ತಿದ್ದರು. ಸಂಜೆ ಅವರು ಹೋದ ಮೇಲೆ ಚೆಲ್ಲಿದ ಬಣ್ಣದ ನೀರಿನಿಂದ ಅಂಗಳ ಅಲ್ಲಲ್ಲಿ ನೇರಳೆ, ಅಲ್ಲಲ್ಲಿ ಹಸಿರು. ಪ್ರತಿಸಲವೂ ನಮ್ಮ ಮನೆಯನ್ನು ಯಾರಾದರೂ ಬರೆಯುತ್ತಿದ್ದರು, ಪ್ರತಿಸಲವೂ ಅದು ಅವರ ಜೊತೆ ವ್ಯಾನು ಹತ್ತುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತೋಟ ಸರ್ಕಾರದ ಪಾರ್ಕಾಗುತ್ತದೆ ಎಂದು ಯಜಮಾನರು ಹೇಳಿ ಕಳಿಸಿದರು. ಯುಗಾದಿ ಕಳೆದ ಮೇಲೆ ಮನೆ ಬಿಡಬೇಕು, ಮನೆಯನ್ನು ಕೆಡವುತ್ತಾರೆ. ಅವ್ವ ಅಳಲಿಲ್ಲ. ಅಪ್ಪನಿಗೆ ಒಂದೇ ಮಾತು ಹೇಳಿದಳು: "ಈ ಸಲ ಅವರು ಬಂದಾಗ ಮನೇದೊಂದು ಪಟ ಬರೆಸ್ಕೊಡು. ಮಕ್ಳಿಗೆ ಇರ್ಲಿ." ನಮ್ಮ ಹತ್ತಿರ ಮನೆಯದಾಗಲಿ ಅವ್ವನದಾಗಲಿ ಒಂದೇ ಒಂದು ಫೋಟೋ ಇರಲಿಲ್ಲ. ಅಪ್ಪ ಬೆಂಗಳೂರಿಗೆ ಹೋದಾಗ ಗುಂಪಿನ ಹಿರಿಯರಾದ ಡ್ರಾಯಿಂಗ್ ಮೇಷ್ಟ್ರನ್ನು ಕಂಡು ಕೇಳಿದ. ಅವರು ಸಂತೋಷದಿಂದಲೇ ಒಪ್ಪಿದರು.

ಅವರು ಬರುವ ವಾರವಿಡೀ ಅವ್ವ ಟೊಂಕ ಕಟ್ಟಿ ನಿಂತಳು. ಗೋಡೆಯ ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿದಳು, ಹಬ್ಬಿದ್ದ ಬಳ್ಳಿಯನ್ನು ಬುಡಸಮೇತ ಕಿತ್ತಳು, ಸುಣ್ಣಕ್ಕೆ ಚಿಟಿಕೆ ನೀಲಿ ಸೇರಿಸಿ ಎರಡು ಸಲ ಬಳಿದಳು. ಸುಣ್ಣ ತಿಂದು ಬೆರಳ ಸಂದುಗಳು ಒಡೆದು, ಊಟಕ್ಕೆ ಕೂತರೆ ಸಾರಿನ ಖಾರಕ್ಕೆ ಹಲ್ಲು ಕಚ್ಚುತ್ತಿದ್ದಳು. "ಕೆಡವೋ ಮನೆಗೆ ಯಾಕವ್ವ ಇಷ್ಟು?" ಎಂದು ಅಕ್ಕ ಕೇಳಿದ್ದಕ್ಕೆ, "ಹೆಣ್ಣು ನೋಡೋಕೆ ಬಂದ್ರೆ ಮಾಸಿದ್ ಸೀರೇಲಿ ನಿಲ್ತೀಯೇನೇ? ಮನೇನೂ ಹಂಗೇ ಕಣೆ" ಎಂದಳು. ಭಾನುವಾರ ಬೆಳಿಗ್ಗೆ ಧಾರೆ ಸೀರೆ ಉಟ್ಟು, ನಮ್ಮಿಬ್ಬರಿಗೂ ಜಡೆ ಹೆಣೆದು ಜಗುಲಿಯ ಮೇಲೆ ಕೂರಿಸಿಕೊಂಡು ಕಾದಳು.

ವ್ಯಾನಿಂದಿಳಿದು ಬಂದ ಮೇಷ್ಟ್ರು ಹೊಂಗೆ ಮರದ ಹತ್ತಿರವೇ ನಿಂತುಬಿಟ್ಟರು. "ಅಯ್ಯಯ್ಯೋ, ಏನ್ರೀ ಇದು! ಎಲ್ಲಾ ಬಳಿದ್ಬಿಟ್ಟಿದೀರಲ್ಲ! ಆ ಪಾಚಿ, ಆ ಕಲೆ, ಅದೇ ಅಲ್ವೇನ್ರೀ ಚೆಂದ ಇದ್ದಿದ್ದು!"

"ಗಲೀಜಾಗಿತ್ತು ಸ್ವಾಮಿ, ಅದಕ್ಕೇ..." ಎಂದು ಅಪ್ಪ ಟವೆಲ್ಲು ಹಿಂಡಿದ.

ಹಿಂದಿದ್ದ ಹುಡುಗನೊಬ್ಬ, "ಬಿಳೀ ಪೇಪರ್ ಮೇಲೆ ಬಿಳೀ ಗೋಡೆ! ಖಾಲಿ ಹಾಳೆ ಕೊಟ್ರೆ ಆಯ್ತು ಬಿಡಿ ಸಾರ್" ಎಂದ. ಎಲ್ಲರೂ ನಕ್ಕರು. ಕೆಟ್ಟವರಲ್ಲ ಅವರು, ನಗು ಬಂತು, ನಕ್ಕರು. ನಕ್ಕು ನಮ್ಮ ಮನೆಗೆ ಬೆನ್ನು ಹಾಕಿ, ಮುರಿದ ಬಂಗಲೆಯ ಕಡೆ ಮುಖ ಮಾಡಿ ಸ್ಟೂಲು ಹಾಕಿಕೊಂಡರು. ಅವ್ವ ಜಗುಲಿಯಿಂದ ಏಳಲಿಲ್ಲ. ಬಿಸಿಲು ನೆತ್ತಿಗೆ ಬಂದು ಇಳಿಯುವವರೆಗೂ, ಯಾರಾದರೂ ತಿರುಗಬಹುದೆಂದು ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದಳು. ನಮ್ಮನ್ನು ಅಲುಗಾಡಲೂ ಬಿಡಲಿಲ್ಲ.

ಹೊರಡುವ ಹೊತ್ತಿಗೆ ಗುಂಪಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಬಂದು ಒಂದು ಹಾಳೆ ಚಾಚಿದರು. "ಮಾತು ಕೊಟ್ಟಿದ್ವಲ್ಲಮ್ಮ. ಹೋದ ವರ್ಷ ನೋಡಿದ್ದು ನೆನಪಿತ್ತು, ಹಂಗೇ ಬರ್ದಿದೀನಿ." ನಮ್ಮದೇ ಮನೆ. ಪಾಚಿ, ಕಲೆ, ಕಿತ್ತೆಸೆದ ಬಳ್ಳಿ, ಎಲ್ಲ ವಾಪಸು ಬಂದಿದ್ದವು. ಜಗುಲಿ ಖಾಲಿ. ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

"ಚೆಂದಾಗದೆ ಕಣಮ್ಮ. ಆದ್ರೆ ಇದು ಯಾರೂ ಇಲ್ದಿರೋ ಮನೆ. ನಾವಿನ್ನೂ ಇದೀವಲ್ಲ. ನೀವೇ ತಗೊಂಡೋಗಿ."

ಆಕೆಗೆ ಕುಂಕುಮ ಕೊಟ್ಟು ಕಳಿಸಿದಳು. ವ್ಯಾನು ಹೋದ ಮೇಲೆ ಅಪ್ಪ ರೇಗಿದ: "ಲೇ, ಸಿಕ್ಕಿದ್ದೊಂದ್ ಪಟಾನೂ ವಾಪಸ್ ಕೊಟ್ಯಲ್ಲೇ! ನಿಂಗೇನ್ ಬಂತು?" ಅವ್ವ ನಮ್ಮಿಬ್ಬರನ್ನು ಅಂಗಳದ ನಡುವೆ ತಂದು ನಿಲ್ಲಿಸಿದಳು. ತಾನು ಹೋಗಿ ಬಾಗಿಲ ಮುಂದೆ ನಿಂತಳು. "ನೋಡ್ಕೊಳ್ರೇ. ಚೆನ್ನಾಗ್ ನೋಡ್ಕೊಳ್ಳಿ." ಇಳಿಬಿಸಿಲಿಗೆ ಗೋಡೆ ಹಾಲಿನ ಕೆನೆಯಂತಾಗಿತ್ತು. ಬೆಳಕು ಹೋಗುವವರೆಗೂ ನಾವು ನೋಡಿದೆವು.

ಯುಗಾದಿ ಕಳೆದು ದೇವನಹಳ್ಳಿ ಪೇಟೆಯಲ್ಲಿ ಅಂಗಳವಿಲ್ಲದ ಒಂದು ಬಾಡಿಗೆ ಮನೆಗೆ ಹೋದೆವು. ಅಲ್ಲಿ ಎರಡು ಮಳೆಗಾಲ ಕಂಡು ಅವ್ವ ತೀರಿಕೊಂಡಳು. ಬೆಂಗಳೂರಿನ ಯಾವುದೋ ಗೋಡೆಯ ಮೇಲೆ ನಮ್ಮ ಮನೆ ಈಗಲೂ ಪಾಚಿ ಹಿಡಿದು ನಿಂತಿರಬಹುದು, ಯಾರೋ ಕಾಫಿ ಕುಡಿಯುತ್ತ ಎಷ್ಟು ಚೆಂದ ಎನ್ನುತ್ತಿರಬಹುದು. ನಿಮ್ಮ ಮನೆಗಳಿಗೂ ಹೀಗೇ ಆಗಿರಬಹುದು. ಹಾಳಾದ ಮೇಲೆ ಮೆಚ್ಚುವವರು ಬೇಕಾದಷ್ಟು ಸಿಗುತ್ತಾರೆ.

ಅಂದು ಅವ್ವ ಬೆನ್ನು ಕೊಟ್ಟು ನಿಂತಿದ್ದ ಬಾಗಿಲು ಹಸಿರು ಎನ್ನುತ್ತಿದ್ದಳು ಸರೋಜಕ್ಕ, ನೀಲಿ ಎನ್ನುತ್ತಿದ್ದೆ ನಾನು. ಭೇಟಿಯಾದಾಗಲೆಲ್ಲ ಇದೇ ಜಗಳ. "ನೀನು ಚಿಕ್ಕೋಳು, ನಿಂಗೇನೇ ಗೊತ್ತು, ಸುಮ್ನಿರು" ಎಂದು ತಲೆಗೆ ಮೊಟಕುತ್ತಿದ್ದಳು, ಮೊಮ್ಮಕ್ಕಳ ಎದುರಿಗೇ. ಹೋದ ಕಾರ್ತಿಕದಲ್ಲಿ ಅಕ್ಕನೂ ಹೋದಳು. ಹಸಿರೇ ಇರಲಿ ಎಂದು ಈಗ ನಾನು ಒಪ್ಪಿಕೊಂಡಿದ್ದೇನೆ. ಹಾಗೆ ಒಪ್ಪಿಕೊಂಡ ದಿನದಿಂದ, ಕಣ್ಣು ಮುಚ್ಚಿದರೂ ಆ ಬಾಗಿಲು ನನಗೆ ಕಾಣುತ್ತಿಲ್ಲ.